ಬೊಗಳದ ಕಾವಲು

(ಬಿ.ಜಿ. ಕೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ರೂಪ)



ದತ್ತಿ ಇಟ್ಟವರು ನನಗೆ ಮೊದಲೇ ಒಂದು ತಾಕೀತು ಮಾಡಿದ್ದಾರೆ. ನಮ್ಮ ಮನೆಯ ಹಿರಿಯರನ್ನು ಹೊಗಳುತ್ತ ಹೊತ್ತು ಕಳೆಯಬೇಡಿ, ಹೆಸರೂ ಎತ್ತಬೇಡಿ, ಜನಕ್ಕೆ ಉಪಯೋಗ ಆಗುವುದನ್ನು ಹೇಳಿ ಅಂದಿದ್ದಾರೆ. ವೈದ್ಯಕೀಯ ಕಾಲೇಜಿನಲ್ಲಿ ಸೂಕ್ಷ್ಮಜೀವಿ ಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದ ನನ್ನಂಥವನಿಗೆ ಅದು ಅನುಕೂಲವೇ. ಹೊಗಳಲು ಬರುವುದಿಲ್ಲ, ಪಾಠ ಮಾಡಲು ಬರುತ್ತದೆ.

ಕಾಮಾಲೆ ಈ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಕಣ್ಣು ಹಳದಿಯಾಯಿತು, ಉಚ್ಚೆ ಅರಿಶಿನ ಕದಡಿದ ಹಾಗಾಯಿತು, ಅನ್ನದ ವಾಸನೆಗೇ ವಾಕರಿಕೆ ಬಂತು ಅಂದರೆ ಮಾರನೆಯ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಔಷಧಿ ಕೊಡುವವರ ಮನೆ ಮುಂದೆ ಕೂರುತ್ತೇವೆ. ಕಿರುನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿ ಕೊಡುವವರಿದ್ದಾರೆ, ಮೂಗಿಗೆ ಸೊಪ್ಪಿನ ರಸ ಹಿಂಡುವವರಿದ್ದಾರೆ, ಕೈಗೆ ಬರೆ ಎಳೆಯುವವರೂ ಇನ್ನೂ ಪೂರ್ತಿ ಇಲ್ಲವಾಗಿಲ್ಲ. ಆಮೇಲೆ ಪಥ್ಯ: ಎಣ್ಣೆ ಬೇಡ, ಖಾರ ಬೇಡ, ಮೊಸರನ್ನ ಮಾತ್ರ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಂದ ಇಷ್ಟು ಹತ್ತಿರ ಇದ್ದುಕೊಂಡು ಎಣ್ಣೆ ಬಿಡುವುದು ಸಣ್ಣ ಶಿಕ್ಷೆಯಲ್ಲ. ನಾಲ್ಕೈದು ವಾರ ಕಳೆಯುವಷ್ಟರಲ್ಲಿ ಕಣ್ಣು ಬೆಳ್ಳಗಾಗುತ್ತದೆ, ಔಷಧಿ ಕೊಟ್ಟವರ ಕೈಗುಣಕ್ಕೆ ಹೆಸರು ಬರುತ್ತದೆ.

ಅವರ ಹೆಸರು ಕೆಡಿಸುವ ಉದ್ದೇಶ ನನಗಿಲ್ಲ. ಆದರೆ ನಮ್ಮ ಕಡೆಯ ಕಾಮಾಲೆಗಳಲ್ಲಿ ಬಹುಪಾಲು ಹೆಪಟೈಟಿಸ್ ಎ ಅಥವಾ ಇ ವೈರಸ್ಸಿನವು. ಎರಡೂ ಕೊಳಕು ನೀರಿನಲ್ಲಿ ಬರುತ್ತವೆ. 1955-56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ಸೇರಿ ಸಾವಿರಾರು ಜನ ಮಲಗಿದ್ದು ಇ ವೈರಸ್ಸಿನಿಂದಲೇ ಎಂದು ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು. ಬಸುರಿಯರಿಗೆ ಇ ವೈರಸ್ ಜೀವಕ್ಕೇ ಸಂಚಕಾರ ತರಬಹುದು, ಅವರನ್ನು ಯಾವ ಕಾರಣಕ್ಕೂ ಮನೆಯಲ್ಲಿ ಇಟ್ಟುಕೊಳ್ಳಬಾರದು. ಮಿಕ್ಕವರಲ್ಲಿ ಸಾಮಾನ್ಯವಾಗಿ ಮೈಯೇ ಈ ವೈರಸ್ಸನ್ನು ಕೆಲವು ವಾರಗಳಲ್ಲಿ ತೊಳೆದು ಹಾಕುತ್ತದೆ. ಕಿರುನೆಲ್ಲಿ ಕುಡಿದರೂ ಅಷ್ಟೇ ದಿನ, ಕುಡಿಯದಿದ್ದರೂ ಅಷ್ಟೇ ದಿನ.

ನಾನು ಇವತ್ತು ಹೇಳಬೇಕಾಗಿರುವುದು ಹೋಗದೆ ಉಳಿಯುವ ಎರಡು ವೈರಸ್‌ಗಳನ್ನು ಕುರಿತು. ಬಿ ಮತ್ತು ಸಿ. ಇವು ನೀರಿನಲ್ಲಿ ಬರುವುದಿಲ್ಲ, ರಕ್ತದಲ್ಲಿ ಬರುತ್ತವೆ. ಒಂದೇ ಸೂಜಿಯಲ್ಲಿ ಹತ್ತು ಜನಕ್ಕೆ ಚುಚ್ಚುವ ಇಂಜೆಕ್ಷನ್, ಪರೀಕ್ಷೆ ಮಾಡದ ರಕ್ತ, ಜಾತ್ರೆಯ ಹಚ್ಚೆ ಸೂಜಿ, ಒಬ್ಬರಿಂದೊಬ್ಬರಿಗೆ ತಿರುಗುವ ಕ್ಷೌರದ ಬ್ಲೇಡು ಇವುಗಳ ದಾರಿ. ಬಿ ವೈರಸ್ಸಿಗೆ ಲೈಂಗಿಕ ಸಂಪರ್ಕವೂ ದಾರಿ, ತಾಯಿಯಿಂದ ಮಗುವಿಗೆ ಹೆರಿಗೆ ಹೊತ್ತಿನ ರಕ್ತವೂ ದಾರಿ. ಒಟ್ಟಿಗೆ ಕೂತು ಉಂಡರೆ, ಕೈ ಹಿಡಿದರೆ, ಕೆಮ್ಮಿದರೆ ಇವು ಬರುವುದಿಲ್ಲ. ಸೋಂಕಿದ್ದ ಮನುಷ್ಯನ ತಟ್ಟೆ ಲೋಟ ಬೇರೆ ಇಡುವ ಮನೆಗಳಿವೆ ಎಂದು ಕೇಳಿದ್ದೇನೆ. ಅದು ಬರಿಯ ಕ್ರೌರ್ಯ, ಅದರಿಂದ ಯಾರಿಗೂ ರಕ್ಷಣೆ ಇಲ್ಲ.

ಸೋಂಕು ಆರು ತಿಂಗಳು ದಾಟಿದರೂ ಉಳಿದಿದ್ದರೆ ಅದನ್ನು ದೀರ್ಘಕಾಲದ ಸೋಂಕು ಅನ್ನುತ್ತೇವೆ. ಆ ಹೊತ್ತಿನಲ್ಲಿ ಕಣ್ಣು ಹಳದಿಯಾಗುವುದು ಅಪರೂಪ. ಹೊಲ ಉಳುತ್ತಾರೆ, ಕುರಿ ಕಾಯುತ್ತಾರೆ, ಮೊಳಕಾಲ್ಮುರಿನ ಮಗ್ಗದ ಮುಂದೆ ಕೂತು ರೇಷ್ಮೆ ನೇಯುತ್ತಾರೆ. ಇಪ್ಪತ್ತು ಮೂವತ್ತು ವರ್ಷ ಏನೂ ಗೊತ್ತಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ವರದಿಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ 2.98 ಕೋಟಿ ಜನರಲ್ಲಿ ಬಿ, 55 ಲಕ್ಷ ಜನರಲ್ಲಿ ಸಿ ಸೋಂಕು ನೆಲೆಯೂರಿತ್ತು. ಜಗತ್ತಿನಲ್ಲಿ ಆ ಒಂದು ವರ್ಷ ವೈರಸ್ ಹೆಪಟೈಟಿಸ್‌ನಿಂದ ಸತ್ತವರು ಸುಮಾರು 13 ಲಕ್ಷ.

ಇದನ್ನು ಕೇಳಿದವರು ತಕ್ಷಣ ಅನ್ನುವ ಮಾತು: ಇಮ್ಯೂನಿಟಿ ಕಮ್ಮಿ ಆಗಿರಬೇಕು. ಕೋವಿಡ್ ಬಂದುಹೋದ ಮೇಲೆ ಈ ಪದ ಕಿರಾಣಿ ಅಂಗಡಿಗೂ ಬಂದಿದೆ. ಇಮ್ಯೂನಿಟಿ ಪುಡಿ, ಇಮ್ಯೂನಿಟಿ ಕಷಾಯ, ಇಮ್ಯೂನಿಟಿ ಬಿಸ್ಕತ್ತು. ತೊಟ್ಟಿಯಲ್ಲಿ ನೀರು ಕಮ್ಮಿಯಾದರೆ ಟ್ಯಾಂಕರ್ ತರಿಸುವ ಲೆಕ್ಕದಲ್ಲಿ ಮೈಗೂ ಶಕ್ತಿ ತುಂಬಿಸಬಹುದು ಅನ್ನುವ ನಂಬಿಕೆ ಇದರ ಹಿಂದಿದೆ. ಈ ವೈರಸ್‌ಗಳು ಮನೆ ಮಾಡುವ ಲಿವರಿನ ಮಟ್ಟಿಗೆ ಈ ನಂಬಿಕೆ ತಪ್ಪು, ಬಹಳ ತಪ್ಪು. ಅಲ್ಲಿ ಕಾವಲಿನ ಬಲ ಕಮ್ಮಿ ಇಲ್ಲ. ಕೆಲವು ಸಲ ಬಲ ಹೆಚ್ಚಾಗಿದ್ದಕ್ಕೇ ಕೇಡಾಗಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ರೋಗನಿರೋಧಕ್ಕೆ ಎರಡು ಅಂಗಗಳಿವೆ. ಒಂದು ಕಲಿತು ನೆನಪಿಟ್ಟುಕೊಳ್ಳುವುದು. ಇಂಥದೇ ವೈರಸ್ಸಿಗೆ ಇಂಥದೇ ಪ್ರತಿಕಾಯ, ಇಂಥದೇ ಟಿ ಕೋಶ. ಅದು ತಯಾರಾಗಲು ವಾರ ಬೇಕು. ಇನ್ನೊಂದು ಹುಟ್ಟುತ್ತಲೇ ಬಂದದ್ದು, ಅದನ್ನು ಸಹಜ ರೋಗನಿರೋಧ ಅನ್ನೋಣ. ಅದಕ್ಕೆ ವೈರಸ್ಸಿನ ಹೆಸರು ಕುಲ ಬೇಕಿಲ್ಲ, ಹೊರಗಿನದು ಅನ್ನಿಸಿದರೆ ಗಂಟೆಗಳೊಳಗೆ ಎದ್ದು ನಿಲ್ಲುತ್ತದೆ. ಈ ಎರಡನೆಯದು ಬಹುಕಾಲ ವಿಜ್ಞಾನಿಗಳ ತಾತ್ಸಾರಕ್ಕೆ ಗುರಿಯಾಗಿತ್ತು. ಹುಳುಹುಪ್ಪಟೆಗೂ ಇರುವಂಥದ್ದು, ಅದರಲ್ಲೇನು ವಿಶೇಷ ಅಂತ. ಕಡೆಗೆ ಹುಳುಹುಪ್ಪಟೆಯೇ ಪಾಠ ಹೇಳಿತು. ಕೊಳೆತ ಬಾಳೆಹಣ್ಣಿನ ಮೇಲೆ ಹಾರಾಡುವ ಹಣ್ಣುನೊಣದಲ್ಲಿ ಟೋಲ್ ಎಂಬ ಜೀನ್ ಕೆಟ್ಟರೆ ಅದಕ್ಕೆ ಬೂಷ್ಟು ಹತ್ತಿ ಸಾಯುತ್ತದೆ ಎಂದು ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ಗುಂಪು 1996ರಲ್ಲಿ ತೋರಿಸಿತು. ಎರಡು ವರ್ಷದಲ್ಲಿ ಬ್ರೂಸ್ ಬ್ಯೂಟ್ಲರ್ ಇಲಿಯಲ್ಲಿ ಅದರ ದಾಯಾದಿಯ ಕೆಲಸ ಏನೆಂದು ಕಂಡುಹಿಡಿದರು. 2011ರ ನೊಬೆಲ್ ಇಬ್ಬರಿಗೂ ಸಂದಿತು. ಇಂಥ ಕಾವಲು ಇರಲೇಬೇಕು ಎಂದು 1989ರಲ್ಲೇ ತರ್ಕದಿಂದ ಹೇಳಿದ್ದ ಚಾರ್ಲ್ಸ್ ಜೇನ್‌ವೇ ಆ ಹೊತ್ತಿಗೆ ತೀರಿಕೊಂಡಿದ್ದರು.

ಈಗ ಲಿವರಿಗೆ ಬನ್ನಿ. ಕುರಿ ಕೊಯ್ದಾಗ ಈಲಿಯ ತುಂಡಿಗೆ ಮಕ್ಕಳು ಜಗಳವಾಡುವ ಊರು ನಮ್ಮದು, ಅದರ ರೂಪ ನಿಮಗೆ ಗೊತ್ತು. ರಕ್ತದಿಂದಲೇ ಮಾಡಿದ ಹಾಗಿರುತ್ತದೆ. ಅದಕ್ಕೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಹೃದಯದಿಂದ ನೇರ ಬರುವುದಲ್ಲ, ಕರುಳನ್ನು ಹಾದು ಬರುವುದು. ತಿಂದ ಮುದ್ದೆ, ಸಾರು, ಶೇಂಗಾ ಚಟ್ನಿಯ ಸಾರವೆಲ್ಲ ಆ ದಾರಿಯಲ್ಲಿ ಬರುತ್ತದೆ. ಜೊತೆಗೆ ಕರುಳಿನಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳ ಚೂರುಪಾರು ಕೂಡ. ಇದಕ್ಕೆಲ್ಲ ರೇಗಿ ನಿಂತರೆ ಲಿವರಿಗೆ ದಿನವೂ ಯುದ್ಧವೇ. ಹಾಗಾಗಿ ಅಲ್ಲಿ ಕಾವಲಿನ ಕೋಶಗಳು ದಂಡಿಯಾಗಿದ್ದರೂ ಅವುಗಳ ಸ್ವಭಾವ ಬೇರೆ. ರಕ್ತನಾಳದ ಗೋಡೆಗೆ ಅಂಟಿಕೊಂಡು ಕಸ ನುಂಗುವ ಕುಫರ್ ಕೋಶಗಳಿವೆ. ಮೈಯಲ್ಲಿ ನೆಲೆನಿಂತ ನುಂಗುಕೋಶಗಳ ಅತಿ ದೊಡ್ಡ ಜಮಾವಣೆ ಅದೇ. ಎನ್‌ಕೆ ಕೋಶಗಳು, ಅಂದರೆ ಸೋಂಕಿತ ಕೋಶವನ್ನು ಮೊದಲ ನೋಟಕ್ಕೇ ಕೊಲ್ಲಬಲ್ಲಂಥವು, ರಕ್ತದಲ್ಲಿರುವುದಕ್ಕಿಂತ ಲಿವರಿನಲ್ಲಿ ಬಹಳ ಹೆಚ್ಚಿನ ಪ್ರಮಾಣದಲ್ಲಿವೆ. ಇಷ್ಟಿದ್ದೂ ಈ ಅಂಗ ತಾಳಿಕೊಳ್ಳುತ್ತದೆ. 1969ರಲ್ಲಿ ಬ್ರಿಟನ್ನಿನ ರಾಯ್ ಕಾಲ್ನ್ ಒಂದು ಹಂದಿಯ ಲಿವರನ್ನು ಇನ್ನೊಂದಕ್ಕೆ ಕಸಿ ಮಾಡಿದಾಗ ಎಷ್ಟೋ ಹಂದಿಗಳ ಮೈ ಯಾವ ಔಷಧವೂ ಇಲ್ಲದೆ ಅದನ್ನು ಒಪ್ಪಿಕೊಂಡಿತು. ಕಿಡ್ನಿ, ಚರ್ಮ ಹಾಗೆ ಒಗ್ಗುವುದಿಲ್ಲ.

ನಿಮ್ಮ ಕುರಿಹಟ್ಟಿಗಳ ನಾಯಿಯನ್ನು ನೆನೆಸಿಕೊಳ್ಳಿ. ದಿನಾ ಬರುವ ಉಣ್ಣೆ ವ್ಯಾಪಾರಿಗೆ, ನೆಂಟರಿಗೆ, ನೀರಿನವನಿಗೆ ಅದು ಬೊಗಳುವುದಿಲ್ಲ. ಬೊಗಳಿದರೆ ಹಟ್ಟಿಯಲ್ಲಿ ಯಾರೂ ನಿದ್ದೆ ಮಾಡುವಂತಿಲ್ಲ. ತೋಳ ಬಂದರೆ ಮಾತ್ರ ಎದ್ದರೆ ಸಾಕು. ಲಿವರಿನ ಕಾವಲು ಈ ಬಗೆಯದು. ಬಿ ಮತ್ತು ಸಿ ವೈರಸ್‌ಗಳು ಈ ನಾಯಿಯನ್ನು ಎರಡು ಬೇರೆ ಬೇರೆ ರೀತಿಯಲ್ಲಿ ಗೆದ್ದವು.

ಸಿ ಮೊದಲು. ಅದರ ಕತೆ ಹೆಚ್ಚು ಗೊತ್ತಾಗಿದೆ, ನನಗೂ ಅದನ್ನು ಹೇಳುವುದು ಖುಷಿ.

1989ರಲ್ಲಿ ಈ ವೈರಸ್ಸನ್ನು ಕಂಡುಹಿಡಿದರು, 2020ರಲ್ಲಿ ಹಾರ್ವಿ ಆಲ್ಟರ್, ಮೈಕೆಲ್ ಹಾಟನ್, ಚಾರ್ಲ್ಸ್ ರೈಸ್ ಅವರಿಗೆ ನೊಬೆಲ್ ಬಂತು. ಅದರ ಒಳಗಿರುವುದು ಸುಮಾರು 9,600 ಅಕ್ಷರಗಳ ಒಂದು ಆರ್‌ಎನ್‌ಎ ದಾರ, ಅಷ್ಟೇ. ಅದು ಲಿವರ್ ಕೋಶದೊಳಗೆ ಇಳಿದ ಕೂಡಲೇ ಕೋಶದ ಪ್ರೋಟೀನ್ ಕಟ್ಟುವ ಯಂತ್ರವನ್ನು ತನ್ನ ಕೆಲಸಕ್ಕೆ ಹಚ್ಚುತ್ತದೆ. ಇದು ಹೇಗೆ ನಡೆಯುತ್ತದೆ, ಕೋಶದ ಲಾ ಎಂಬ ಪ್ರೋಟೀನ್ ವೈರಸ್ಸಿಗೆ ಹೇಗೆ ಒದಗಿಬರುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೌಮಿತ್ರ ದಾಸ್ ಮತ್ತು ಅವರ ವಿದ್ಯಾರ್ಥಿಗಳು ವರ್ಷಗಟ್ಟಲೆ ಕೂತು ಬಿಡಿಸಿದ್ದಾರೆ. ಅದೇ ಸಂಸ್ಥೆಯ ಇನ್ನೊಂದು ಆವರಣ ಇಲ್ಲೇ ಕುದಾಪುರದಲ್ಲಿದೆ. ನಿಮ್ಮಲ್ಲಿ ಕೆಲವು ವಿಜ್ಞಾನದ ಮೇಷ್ಟ್ರುಗಳು ಅಲ್ಲಿ ತರಬೇತಿಗೆ ಹೋಗಿ ಬಂದಿರಬಹುದು.

ಕೋಶ ಸುಮ್ಮನೆ ಕೂತಿರುವುದಿಲ್ಲ. ಪ್ರತಿ ಕೋಶದೊಳಗೂ ರಿಗ್-ಐ ಎಂಬ ಒಂದು ಪ್ರೋಟೀನ್ ಗಸ್ತು ತಿರುಗುತ್ತಿರುತ್ತದೆ. ಜಪಾನಿನ ಯೊನೆಯಾಮಾ ಮತ್ತು ಫುಜಿತಾ ಅದರ ಕೆಲಸವನ್ನು 2004ರಲ್ಲಿ ಗುರುತಿಸಿದರು. ಸಿ ವೈರಸ್ಸಿನ ಆರ್‌ಎನ್‌ಎ ಬಾಲದಲ್ಲಿ ಯು ಎಂಬ ಒಂದೇ ಅಕ್ಷರ ಸಾಲುಸಾಲಾಗಿ ಬರುವ ಒಂದು ಜಾಗ ಇದೆ. ರಿಗ್-ಐ ಅದನ್ನು ತಡಕಿ ನೋಡಿ, ಇದು ನಮ್ಮ ಮನೆಯದಲ್ಲ ಎಂದು ತಿಳಿಯುತ್ತದೆ. ತಿಳಿದ ಸುದ್ದಿಯನ್ನು ಮೈಟೊಕಾಂಡ್ರಿಯಾದ ಮೇಲ್ಮೈಯಲ್ಲಿ ನೆಟ್ಟ ಮ್ಯಾವ್ಸ್ ಎಂಬ ಪ್ರೋಟೀನಿಗೆ ಮುಟ್ಟಿಸುತ್ತದೆ. ಮ್ಯಾವ್ಸ್ ಅದನ್ನು ಅಲ್ಲಿಂದ ಕೋಶಕೇಂದ್ರಕ್ಕೆ ಕಳಿಸುತ್ತದೆ, ಕೋಶಕೇಂದ್ರ ಇಂಟರ್‌ಫೆರಾನ್ ತಯಾರಿಸಲು ಅಪ್ಪಣೆ ಕೊಡುತ್ತದೆ. ಇಂಟರ್‌ಫೆರಾನ್ 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಕಂಡ ವಸ್ತು. ಅಕ್ಕಪಕ್ಕದ ಕೋಶಗಳಿಗೆ ಅದು ಮುನ್ನೆಚ್ಚರಿಕೆ ಕೊಡುತ್ತದೆ, ಅವು ನೂರಾರು ಜೀನ್‌ಗಳನ್ನು ಹೊತ್ತಿಸಿಕೊಂಡು ವೈರಸ್ಸಿಗೆ ಬಾಗಿಲು ಹಾಕುತ್ತವೆ.

ಇಲ್ಲಿ ಸಿ ವೈರಸ್ ಮಾಡುವ ಕೆಲಸ ನೋಡಿ. ಅದು ತನ್ನ ಪ್ರೋಟೀನ್‌ಗಳನ್ನೆಲ್ಲ ಒಂದೇ ಉದ್ದದ ಸರವಾಗಿ ನೇಯುತ್ತದೆ. ಆ ಸರವನ್ನು ತುಂಡು ಮಾಡಲು ಎನ್‌ಎಸ್3/4ಎ ಎಂಬ ಒಂದು ಕತ್ತರಿಯನ್ನೂ ಅದೇ ಸರದಲ್ಲಿ ಇಟ್ಟುಕೊಂಡಿದೆ. ಈ ಕತ್ತರಿ ತನ್ನ ಸರ ಕತ್ತರಿಸಿ ಮುಗಿಸಿ ಸುಮ್ಮನಾಗುವುದಿಲ್ಲ, ಹೋಗಿ ಮ್ಯಾವ್ಸ್ ಅನ್ನು ಕತ್ತರಿಸುತ್ತದೆ. ಎಲ್ಲಿ ಅಂತ ಕೂಡ ಗೊತ್ತು: 508ನೆಯ ಅಮೈನೋ ಆಮ್ಲದ ಹತ್ತಿರ. ಮೈಟೊಕಾಂಡ್ರಿಯಾಕ್ಕೆ ನೆಟ್ಟ ಬುಡದ ಸ್ವಲ್ಪ ಮೇಲೆ ಒಂದೇ ಒಂದು ಕಡಿತ, ಮ್ಯಾವ್ಸ್ ಕಳಚಿ ಬೀಳುತ್ತದೆ. ರಿಗ್-ಐ ಇದ್ದೇ ಇದೆ, ವೈರಸ್ಸನ್ನು ಕಂಡೂ ಇದೆ, ಸುದ್ದಿ ಮಾತ್ರ ಹೋಗುವುದಿಲ್ಲ. 2005ರಲ್ಲಿ ನಾಲ್ಕು ಪ್ರಯೋಗಾಲಯಗಳು ಬಿಡಿಬಿಡಿಯಾಗಿ ಮ್ಯಾವ್ಸ್ ಅನ್ನು ಕಂಡುಹಿಡಿದು ನಾಲ್ಕು ಹೆಸರಿಟ್ಟವು. ಕತ್ತರಿಯ ಸಂಗತಿ ಆ ವರ್ಷವೇ ಹೊರಬಿತ್ತು. ನಾನು ಓದಿದ ವೈರಸ್ ಕತೆಗಳಲ್ಲಿ ಇಷ್ಟು ಚೊಕ್ಕ ಕಳ್ಳತನ ಇನ್ನೊಂದಿಲ್ಲ.

ಹಾಗಾದರೆ ಸೋಂಕಿತರ ಲಿವರಿನಲ್ಲಿ ಇಂಟರ್‌ಫೆರಾನ್ ಇಲ್ಲವೇ? ಇದೆ, ಧಾರಾಳವಾಗಿ ಇದೆ. ಒಂದು ಕೋಶದ ಬಾಯಿ ಕಟ್ಟಿದರೂ ಸುತ್ತಲಿನ ಬೇರೆ ಜಾತಿಯ ಕೋಶಗಳು ವೈರಸ್ಸಿನ ವಾಸನೆ ಹಿಡಿದು ಅದನ್ನು ಸುರಿಸುತ್ತಲೇ ಇರುತ್ತವೆ. ವರ್ಷಾನುಗಟ್ಟಲೆ ಆ ನೂರಾರು ಜೀನ್‌ಗಳು ಉರಿಯುತ್ತಲೇ ಇರುತ್ತವೆ, ವೈರಸ್ ಹೋಗುವುದಿಲ್ಲ. ಎಂಭತ್ತರ ದಶಕದ ಕೊನೆಯಿಂದ ಸಿ ಸೋಂಕಿಗೆ ಇಂಟರ್‌ಫೆರಾನ್ ಇಂಜೆಕ್ಷನ್ನೇ ಚಿಕಿತ್ಸೆಯಾಗಿತ್ತು. ಆರು ತಿಂಗಳಿಂದ ಒಂದು ವರ್ಷ ಚುಚ್ಚಿಸಿಕೊಳ್ಳಬೇಕು. ಪ್ರತಿ ಸೂಜಿಗೂ ಜ್ವರ, ಮೈಕೈ ನೋವು, ಕೆಲವರಿಗೆ ಬದುಕೇ ಬೇಡ ಅನ್ನಿಸುವಂಥ ಖಿನ್ನತೆ. ಯಾರ ಲಿವರಿನಲ್ಲಿ ಈ ಜೀನ್‌ಗಳು ಮೊದಲೇ ಜೋರಾಗಿ ಉರಿಯುತ್ತಿದ್ದವೋ ಅವರಿಗೆ ಇಂಜೆಕ್ಷನ್ ಕೆಲಸ ಮಾಡಲಿಲ್ಲ. ಯಾರಲ್ಲಿ ತಣ್ಣಗಿದ್ದವೋ ಅವರಿಗೆ ಹಿಡಿಯಿತು.

ಇದರ ಗಂಟು ಬಿಚ್ಚಿಕೊಂಡದ್ದು ಜೀನ್‌ಗಳ ಲೆಕ್ಕದಲ್ಲಿ. ಕೆಲವರ ಮೈ ಸಿ ವೈರಸ್ಸನ್ನು ಸಲೀಸಾಗಿ ಓಡಿಸುತ್ತದೆ, ಕೆಲವರದ್ದು ಓಡಿಸುವುದಿಲ್ಲ, ಇದಕ್ಕೆ 19ನೆಯ ವರ್ಣತಂತುವಿನ ಒಂದು ಸಣ್ಣ ವ್ಯತ್ಯಾಸ ಕಾರಣ ಎಂದು 2009ರಲ್ಲಿ ಗೊತ್ತಾಯಿತು. ಓಡಿಸುವವರಲ್ಲಿ ಏನೋ ಹೆಚ್ಚಿಗೆ ಇರಬೇಕು ಎಂದು ಎಲ್ಲರ ಊಹೆ. 2013ರಲ್ಲಿ ನೋಡಿದರೆ ಉಲ್ಟಾ. ಓಡಿಸಲಾಗದವರ ಲಿವರ್ ಇಂಟರ್‌ಫೆರಾನ್ ಲ್ಯಾಂಬ್ಡಾ-4 ಎಂಬ ಇನ್ನೊಂದು ಇಂಟರ್‌ಫೆರಾನನ್ನು ತಯಾರಿಸುತ್ತದೆ, ಓಡಿಸುವವರಲ್ಲಿ ಆ ಜೀನ್ ಕೆಟ್ಟುಹೋಗಿದೆ. ಕಾವಲಿನವನ ಕೈಗೆ ಒಂದು ದೊಣ್ಣೆ ಹೆಚ್ಚಾಗಿದ್ದೇ ತೊಂದರೆ. ಇಮ್ಯೂನಿಟಿ ಪುಡಿಯ ಡಬ್ಬಿ ಕಂಡಾಗಲೆಲ್ಲ ನನಗೆ ಈ ಜೀನ್ ನೆನಪಾಗುತ್ತದೆ.

ಸಿ ವೈರಸ್ಸಿನ ಸಮಸ್ಯೆ ಕಡೆಗೆ ಬಗೆಹರಿದದ್ದು ನಿರೋಧಕ್ಕೆ ಬಲ ತುಂಬಿ ಅಲ್ಲ, ಅದನ್ನು ಬದಿಗಿಟ್ಟು. ವೈರಸ್ಸಿನ ಆ ಕತ್ತರಿಯನ್ನೇ ಜಾಮ್ ಮಾಡುವ ಮಾತ್ರೆಗಳು 2011ರಲ್ಲಿ ಬಂದವು. 2013ರಲ್ಲಿ ಅದರ ನಕಲು ಯಂತ್ರವನ್ನು ನಿಲ್ಲಿಸುವ ಸೊಫೊಸ್‌ಬುವಿರ್ ಬಂತು. ನಮ್ಮ ದೇಶದ ಕಂಪನಿಗಳು ಅದನ್ನು ತಯಾರಿಸಲು ಶುರುಮಾಡಿದ ಮೇಲೆ ಬೆಲೆ ಕೈಗೆಟಕಿತು. ಈಗ ಮೂರು ತಿಂಗಳು ಮಾತ್ರೆ ನುಂಗಿದರೆ ನೂರಕ್ಕೆ 95ಕ್ಕೂ ಹೆಚ್ಚು ಜನರಲ್ಲಿ ವೈರಸ್ ಪೂರ್ತಿ ಹೋಗುತ್ತದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಒಮ್ಮೆ ವಾಸಿಯಾದವರಿಗೆ ಮತ್ತೆ ಬರುವುದಿಲ್ಲ ಎಂದೇನೂ ಇಲ್ಲ. ಸೂಜಿಯ ವಿಷಯದಲ್ಲಿ ಮೊದಲಿನಷ್ಟೇ ಹುಷಾರಾಗಿರಬೇಕು.

ಬಿ ವೈರಸ್ ಬೇರೆಯೇ ಜಾತಿ. ಅದು ಕಾವಲಿನ ಬಾಯಿ ಕಟ್ಟುವ ಗೋಜಿಗೇ ಹೋಗುವುದಿಲ್ಲ, ಕಾಣಿಸಿಕೊಳ್ಳುವುದೇ ಇಲ್ಲ. 2004ರಲ್ಲಿ ಅಮೆರಿಕದಲ್ಲಿ ವೀಲ್ಯಾಂಡ್, ಕಿಸಾರಿ ಮತ್ತಿತರರು ಸೋಂಕು ತಗಲಿದ ಚಿಂಪಾಂಜಿಗಳ ಲಿವರಿನ ತುಣುಕುಗಳನ್ನು ವಾರ ವಾರವೂ ತೆಗೆದು ಜೀನ್‌ಗಳನ್ನು ನೋಡಿದರು. ಸಿ ಸೋಂಕಿನಲ್ಲಿ ಇಂಟರ್‌ಫೆರಾನಿನ ಜೀನ್‌ಗಳು ಬೇಗನೆ ಎದ್ದಿದ್ದವು. ಬಿ ಸೋಂಕಿನಲ್ಲಿ ವೈರಸ್ ಲಿವರಿನ ತುಂಬ ಹಬ್ಬುತ್ತಿದ್ದ ಆ ವಾರಗಳಲ್ಲಿ ಒಂದು ಜೀನೂ ಅಲುಗಲಿಲ್ಲ. ಕಾರಣ ಅದರ ಬದುಕಿನ ಕ್ರಮ. ಕೇವಲ 3,200 ಅಕ್ಷರಗಳ ಡಿಎನ್‌ಎ ಅದರದ್ದು. ಅದನ್ನು ಚಿಪ್ಪಿನೊಳಗೇ ಇಟ್ಟುಕೊಂಡು ನೇರ ಕೋಶಕೇಂದ್ರಕ್ಕೆ ಹೋಗಿ, ಅಲ್ಲಿ ಬಳೆಯ ಹಾಗೆ ಸುತ್ತಿಕೊಂಡು, ನಮ್ಮ ವರ್ಣತಂತುಗಳ ಪಕ್ಕದಲ್ಲಿ ತಾನೂ ಒಂದು ಎಂಬಂತೆ ಕೂತುಬಿಡುತ್ತದೆ. ಅದರಿಂದ ಹೊರಡುವ ಆರ್‌ಎನ್‌ಎಗಳಿಗೆ ನಮ್ಮ ಆರ್‌ಎನ್‌ಎಗಳದ್ದೇ ತಲೆ, ನಮ್ಮದೇ ಬಾಲ. ಮುಂದಿನ ನಕಲು ಕೆಲಸವೆಲ್ಲ ಮತ್ತೆ ಚಿಪ್ಪಿನ ಒಳಗೇ. ಗಸ್ತಿನವರಿಗೆ ಕಾಣುವಂಥದ್ದು ಏನೂ ಹೊರಗೆ ಬೀಳುವುದಿಲ್ಲ. ಟೆನೊಫೊವಿರ್, ಎಂಟೆಕಾವಿರ್ ಮಾತ್ರೆಗಳು ವೈರಸ್ಸಿನ ಹುಟ್ಟುವಳಿಯನ್ನು ಅದುಮಿ ಹಿಡಿಯುತ್ತವೆ, ಆ ಬಳೆಯನ್ನು ಅವು ಮುಟ್ಟುವುದಿಲ್ಲ. ಅದಕ್ಕೇ ಬಿ ಸೋಂಕಿನ ಮಾತ್ರೆಯನ್ನು ವೈದ್ಯರು ಹೇಳದೆ ನಿಲ್ಲಿಸಬಾರದು.

ಇದು ಹಳೆಯ ಪರಿಚಯ ಕೂಡ. ಯುರೋಪಿನ ಸಮಾಧಿಗಳಲ್ಲಿ ಸಿಕ್ಕ ಸುಮಾರು ಏಳು ಸಾವಿರ ವರ್ಷದ ಹಿಂದಿನ ಹಲ್ಲು ಮೂಳೆಗಳಲ್ಲಿ ಬಿ ವೈರಸ್ಸಿನ ಡಿಎನ್‌ಎ ಇದ್ದುದು 2018ರಲ್ಲಿ ತಿಳಿಯಿತು. ನಮ್ಮ ಪಕ್ಕದ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದು ತೆಗೆದ ಬೃಹತ್ ಶಿಲಾಸಮಾಧಿಗಳ ಜನರಿಗಿಂತ ಬಹಳ ಹಿಂದಿನ ಕಾಲ ಅದು. ಮನುಷ್ಯನ ಲಿವರಿನ ಸ್ವಭಾವವನ್ನು ಅಷ್ಟು ಕಾಲದಿಂದ ಬಲ್ಲ ವೈರಸ್ ಇದು.

ಬಿ ವೈರಸ್ಸಿನ ವಿಷಯದಲ್ಲಿ ನೀವು ಬೇರೆಲ್ಲ ಮರೆತರೂ ಒಂದು ಲೆಕ್ಕ ಮರೆಯಬಾರದು. ದೊಡ್ಡವರಿಗೆ ಅದು ತಗಲಿದರೆ ನೂರರಲ್ಲಿ 95 ಮಂದಿ ಅದನ್ನು ಕಳೆದುಕೊಳ್ಳುತ್ತಾರೆ. ಹುಟ್ಟುವಾಗ ತಗಲಿದರೆ ನೂರರಲ್ಲಿ 90 ಮಕ್ಕಳಲ್ಲಿ ಅದು ಉಳಿದುಬಿಡುತ್ತದೆ. ವೈರಸ್ ಅದೇ, ಊರು ಅದೇ. ಬೇರೆಯಾದದ್ದು ವಯಸ್ಸು. ಮರಿ ನಾಯಿ ಕಣ್ಣು ಬಿಡುವಾಗಲೇ ಹಟ್ಟಿಯೊಳಗಿದ್ದವನನ್ನು ಅದು ದೊಡ್ಡದಾದ ಮೇಲೂ ಮನೆಯವನೆಂದೇ ತಿಳಿಯುತ್ತದೆ. ವೈರಸ್ಸಿನ ಇ ಆಂಟಿಜೆನ್ ಎಂಬ ಪ್ರೋಟೀನ್ ತಾಯಿಯ ರಕ್ತದಿಂದ ಮಾಸು ದಾಟಿ ಮಗುವಿಗೆ ಹೋಗಬಲ್ಲದು. ಅದರ ಪರಿಚಯ ಮೊದಲೇ ಆದ ಕುಫರ್ ಕೋಶಗಳು ಮುಂದೆ ಟಿ ಕೋಶಗಳನ್ನು ತಣ್ಣಗಾಗಿಸುತ್ತವೆ ಎಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಅದೇ ಹೊತ್ತಿಗೆ, ಸೋಂಕಿತ ತಾಯಂದಿರ ಮಕ್ಕಳ ಹೊಕ್ಕುಳಬಳ್ಳಿಯ ರಕ್ತದಲ್ಲಿ ಸಹಜ ನಿರೋಧದ ಕೋಶಗಳು ಬ್ಯಾಕ್ಟೀರಿಯಾಗಳ ವಿರುದ್ಧ ಹೆಚ್ಚು ಚುರುಕಾಗಿರುತ್ತವೆ ಎಂದು ಸಿಂಗಪುರದ ಬರ್ತೊಲೆಟ್ಟಿ ಗುಂಪು 2015ರಲ್ಲಿ ವರದಿ ಮಾಡಿತು. ಅಂದರೆ ಆ ಮಕ್ಕಳ ನಿರೋಧ ಬಡವಾಗಿಲ್ಲ. ಈ ಒಂದು ವೈರಸ್ಸಿನ ಜೊತೆ ರಾಜಿಯಾಗಿದೆ.

ಆ ರಾಜಿ ಸಾಯುವ ತನಕ ಉಳಿದಿದ್ದರೆ ನಾನು ಇಲ್ಲಿ ಮಾತಾಡುವ ಅಗತ್ಯವೇ ಇರಲಿಲ್ಲ. ಇಪ್ಪತ್ತೋ ಮೂವತ್ತೋ ವರ್ಷವಾದಾಗ ಅದು ಮುರಿಯುತ್ತದೆ. ಯಾಕೆ ಆಗಲೇ ಮುರಿಯುತ್ತದೆ ಎಂಬುದಕ್ಕೆ ಇನ್ನೂ ಒಪ್ಪುವಂಥ ಉತ್ತರ ಬಂದಿಲ್ಲ. ಎನ್‌ಕೆ ಕೋಶಗಳು, ಟಿ ಕೋಶಗಳು ಲಿವರಿಗೆ ನುಗ್ಗಿ ಸೋಂಕಿತ ಕೋಶಗಳನ್ನು ಕೊಲ್ಲುತ್ತವೆ. ಬಿ ವೈರಸ್ ತಾನಾಗಿ ಕೋಶವನ್ನು ಕೊಲ್ಲುವುದಿಲ್ಲ, ಕೊಲ್ಲುವುದೆಲ್ಲ ನಮ್ಮ ಕಾವಲು. ಲ್ಯಾಬಿನ ಚೀಟಿಯಲ್ಲಿ ಎಸ್‌ಜಿಪಿಟಿ ಏರಿದೆ ಅಂದರೆ ಲಿವರ್ ಕೋಶಗಳು ಒಡೆದು ಒಳಗಿನದ್ದು ರಕ್ತಕ್ಕೆ ಸೋರುತ್ತಿದೆ ಎಂದರ್ಥ. ಇದು ಗೆಲ್ಲುವ ಯುದ್ಧವಾದರೆ ಒಂದೇ ಸಲದ ನಷ್ಟಕ್ಕೆ ಮುಗಿಯುತ್ತಿತ್ತು. ಗೆಲ್ಲುವುದಿಲ್ಲ. ಒಂದಷ್ಟು ಕೊಂದು ಸುಸ್ತಾಗುತ್ತವೆ, ಮತ್ತೆ ಏಳುತ್ತವೆ. ಇನ್ನೂ ವಿಚಿತ್ರವೆಂದರೆ, ಈ ಎನ್‌ಕೆ ಕೋಶಗಳು ವೈರಸ್ಸಿನ ಮೇಲೆ ಬೀಳಬೇಕಾದ ನಮ್ಮದೇ ಟಿ ಕೋಶಗಳನ್ನೂ ಕೊಲ್ಲುತ್ತವೆ ಎಂದು ಲಂಡನ್ನಿನ ಮಾಲಾ ಮೈನಿ ಅವರ ಗುಂಪು 2013ರಲ್ಲಿ ತೋರಿಸಿತು. ಪ್ರತಿ ಸುತ್ತಿನಲ್ಲೂ ಕುಫರ್ ಕೋಶಗಳ ಕೂಗಿಗೆ ನಕ್ಷತ್ರದಾಕಾರದ ಇನ್ನೊಂದು ಬಗೆಯ ಕೋಶಗಳು ಎದ್ದು ನಾರು ನೇಯುತ್ತವೆ. ಗಾಯ ಮುಚ್ಚಲು ಒಳ್ಳೆಯದೇ, ಆದರೆ ಮೂವತ್ತು ವರ್ಷ ನೇಯ್ದರೆ ಲಿವರ್ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಅದೇ ಸಿರೋಸಿಸ್. ಕುಡಿಯದವರಿಗೂ ಬರುತ್ತದೆ. ಅವನು ಕದ್ದು ಕುಡಿಯುತ್ತಿದ್ದ ಅಂತ ಸತ್ತವನ ಮೇಲೆ ಹೊರಿಸುವ ಮುಂಚೆ ಇದನ್ನು ನೆನಪು ಮಾಡಿಕೊಳ್ಳಿ.

ಶೇಂಗಾ ಸೀಮೆಯವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಒಣಗದೆ ಮೂಟೆ ಕಟ್ಟಿದ ಶೇಂಗಾಕ್ಕೆ ಹಸಿರು ಮಿಶ್ರಿತ ಹಳದಿ ಬೂಷ್ಟು ಬರುತ್ತದಲ್ಲ, ಅದು ಅಫ್ಲಾಟಾಕ್ಸಿನ್ ಎಂಬ ವಿಷ ಉಗುಳುತ್ತದೆ. ಲಿವರ್ ಕ್ಯಾನ್ಸರಿಗೆ ಅದೂ ಕಾರಣ. ಶಾಂಘೈನ ಗಂಡಸರನ್ನು ಪರೀಕ್ಷಿಸಿ ತೊಂಬತ್ತರ ದಶಕದ ಆರಂಭದಲ್ಲಿ ಹೊರಬಂದ ಅಧ್ಯಯನದಲ್ಲಿ, ಬಿ ಸೋಂಕು ಮತ್ತು ಈ ವಿಷ ಎರಡೂ ಇದ್ದವರಿಗೆ ಲಿವರ್ ಕ್ಯಾನ್ಸರಿನ ಅಪಾಯ ಎರಡೂ ಇಲ್ಲದವರಿಗಿಂತ ಸುಮಾರು 60 ಪಟ್ಟು ಹೆಚ್ಚಿತ್ತು. ಆರಿಸಿ ಬೇರ್ಪಡಿಸಿದ ಬೂಷ್ಟು ಕಾಳನ್ನು ದಂಡವಾಯಿತಲ್ಲ ಎಂದು ಹುರಿದು ಚಟ್ನಿಗೆ ಹಾಕಬೇಡಿ. ಹುರಿದರೆ ಆ ವಿಷ ಪೂರ್ತಿ ಹೋಗುವುದಿಲ್ಲ.

ಈಗ ಕಿರುನೆಲ್ಲಿಗೆ ವಾಪಸು ಬರೋಣ, ಅದಕ್ಕೂ ಈ ಕತೆಯಲ್ಲಿ ಒಂದು ಗೌರವದ ಜಾಗ ಇದೆ. ಬಿ ವೈರಸ್ಸಿನ ಗುರುತನ್ನು ಮೊದಲು ರಕ್ತದಲ್ಲಿ ಕಂಡವರು ಬರೂಕ್ ಬ್ಲಂಬರ್ಗ್, ಅರುವತ್ತರ ದಶಕದಲ್ಲಿ. ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಸಿಕ್ಕ ವಿಚಿತ್ರ ಪ್ರೋಟೀನ್ ಅದು. 1976ರಲ್ಲಿ ನೊಬೆಲ್ ಬಂತು. ಜುಲೈ 28 ಅವರು ಹುಟ್ಟಿದ ದಿನ, ವಿಶ್ವ ಹೆಪಟೈಟಿಸ್ ದಿನವೂ ಅದೇ. ಆ ಬ್ಲಂಬರ್ಗ್ 1986ರಲ್ಲಿ ಬೆಂಗಳೂರಿಗೆ ಭಾರತೀಯ ವಿಜ್ಞಾನ ಅಕಾಡೆಮಿಯ ರಾಮನ್ ಪ್ರಾಧ್ಯಾಪಕರಾಗಿ ಬಂದಿದ್ದರು. ಕಿರುನೆಲ್ಲಿಯ ಮೇಲೆ ಅವರಿಗೆ ನಿಜವಾದ ಕುತೂಹಲವಿತ್ತು. ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಅವರ ಜೊತೆ ಸೇರಿ 1988ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ ಲೇಖನದಲ್ಲಿ, 30 ದಿನ ಕಿರುನೆಲ್ಲಿ ಪುಡಿ ತೆಗೆದುಕೊಂಡ 37 ಸೋಂಕಿತರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತು, ಸುಳ್ಳುಮಾತ್ರೆ ನುಂಗಿದ 23 ಜನರಲ್ಲಿ ಒಬ್ಬರದ್ದು ಮಾತ್ರ ಎಂದಿತ್ತು. ಜಗತ್ತೇ ನಿಬ್ಬೆರಗಾಯಿತು. ಆಮೇಲೆ ಥಾಯ್ಲೆಂಡಿನಲ್ಲಿ, ನ್ಯೂಜಿಲೆಂಡಿನಲ್ಲಿ ಮಾಡಿ ನೋಡಿದರು, ಬರಲಿಲ್ಲ. ಪರೀಕ್ಷೆಗೆ ಒಡ್ಡಿದ್ದು ಗೌರವದ ಕೆಲಸ, ಪರೀಕ್ಷೆಯಲ್ಲಿ ನಿಲ್ಲದಿದ್ದಾಗ ಬಿಡುವುದೂ ಅಷ್ಟೇ. ಮಳೆ ಬಿದ್ದ ಮೇಲೆ ನಿಮ್ಮ ಶೇಂಗಾ ಸಾಲುಗಳ ನಡುವೆ ಎಲೆಯ ಕೆಳಗೆ ಸಾಸಿವೆಯಂಥ ಕಾಯಿ ಕಟ್ಟಿಕೊಂಡು ಏಳುವ ಆ ಗಿಡವನ್ನು ಮಜ್ಜಿಗೆಗೆ ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ. ಅದನ್ನು ನೆಚ್ಚಿಕೊಂಡು ಟೆನೊಫೊವಿರ್ ಬಿಡಬೇಡಿ.

ಸಹಜ ನಿರೋಧವನ್ನು ಔಷಧದಿಂದ ಎಬ್ಬಿಸುವ ಪ್ರಯತ್ನಗಳೂ ನಡೆದಿವೆ. ಹಾಫ್‌ಮನ್‌ರ ನೊಣದಿಂದ ಹೊರಟ ಟೋಲ್ ಕುಟುಂಬದ ಏಳನೆಯ ಸದಸ್ಯನನ್ನು ತಟ್ಟಿ ಎಬ್ಬಿಸುವ ವೆಸಟೊಲಿಮೋಡ್ ಎಂಬ ಮಾತ್ರೆ ಚಿಂಪಾಂಜಿಗಳಲ್ಲಿ ಭರವಸೆ ಹುಟ್ಟಿಸಿತು, ಮನುಷ್ಯರಲ್ಲಿ ವೈರಸ್ಸಿನ ಮೇಲ್ಮೈ ಆಂಟಿಜೆನ್ ಇಳಿಯಲಿಲ್ಲ. ರಿಗ್-ಐ ಎಬ್ಬಿಸುವ ಇನಾರಿಗಿವಿರ್ ಔಷಧದ ಪ್ರಯೋಗದಲ್ಲಿ ಲಿವರಿಗೆ ಪೆಟ್ಟುಬಿದ್ದು ರೋಗಿಯೊಬ್ಬರು ಸತ್ತು, ಪ್ರಯೋಗವೇ ನಿಂತಿತು. ಮಲಗಿದ ಕಾವಲನ್ನು ಒಟ್ಟಾರೆ ಎಬ್ಬಿಸಿದರೆ ಅದು ಯಾರ ಮೇಲೆ ಬೀಳುತ್ತದೆ ಹೇಳಲಾಗದು. ಬೆಪಿರೊವಿರ್ಸೆನ್ ಎಂಬ ಹೊಸ ಇಂಜೆಕ್ಷನ್ ಮೇಲೆ ಈಗ ಎಲ್ಲರ ಕಣ್ಣು. ಅದು ಮುಖ್ಯವಾಗಿ ವೈರಸ್ಸಿನ ಆರ್‌ಎನ್‌ಎ ಕೆಡಿಸುತ್ತದೆ, ಜೊತೆಗೆ ಸಹಜ ನಿರೋಧವನ್ನು ಸ್ವಲ್ಪ ಚಿವುಟುತ್ತದೆ. 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹತ್ತಿರ ಹತ್ತಿರ ಹತ್ತರಲ್ಲಿ ಒಬ್ಬರಿಗೆ ಫಲ ಸಿಕ್ಕಿತು. ಇಷ್ಟು ವರ್ಷದ ದುಡಿಮೆಗೆ ಹತ್ತರಲ್ಲೊಂದು. ಇದನ್ನು ನಾನು ಲೇವಡಿಗೆ ಹೇಳುತ್ತಿಲ್ಲ, ಆ ಬಳೆ ಎಷ್ಟು ಭದ್ರವಾಗಿ ಕೂತಿದೆ ಎಂದು ತಿಳಿಯಲಿ ಅಂತ.

ಸಹಜ ನಿರೋಧ ನಿಜಕ್ಕೂ ನಮ್ಮ ಪರವಾಗಿ ಕೆಲಸ ಮಾಡಿದ್ದು ಲಸಿಕೆಯಲ್ಲಿ. ಬಿ ಲಸಿಕೆಯಲ್ಲಿರುವುದು ವೈರಸ್ಸಿನ ಹೊರಕೋಟು ಮಾತ್ರ, ಅದನ್ನು ಯೀಸ್ಟ್ ಕೋಶಗಳಲ್ಲಿ ಬೆಳೆಸುತ್ತಾರೆ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ದೇಶದಲ್ಲೇ ಅದನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು. ಬರಿಯ ಹೊರಕೋಟನ್ನು ಚುಚ್ಚಿದರೆ ಮೈ ಹೆಚ್ಚು ಗಮನ ಕೊಡುವುದಿಲ್ಲ, ಅದಕ್ಕೆ ಅಲ್ಯುಮಿನಿಯಂ ಲವಣ ಸೇರಿಸಿರುತ್ತಾರೆ. ಅದು ಚುಚ್ಚಿದ ಜಾಗದಲ್ಲಿ ಸಹಜ ನಿರೋಧವನ್ನು ಕೆಣಕುತ್ತದೆ, ಕಲಿಯುವ ನಿರೋಧ ಆಗ ಪಾಠ ಕಲಿಯುತ್ತದೆ. ಇಲ್ಲಿ ಕೆಣಕುವುದು ತೊಡೆಯಲ್ಲಿ, ಲಿವರಿನಲ್ಲಲ್ಲ. ಕೆಣಕುವುದು ಮೊದಲು, ವೈರಸ್ ಒಳಹೊಕ್ಕ ಮೇಲಲ್ಲ. ವ್ಯತ್ಯಾಸವೆಲ್ಲ ಇಷ್ಟರಲ್ಲೇ ಇದೆ. ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಪಡೆದ ಹೊಸ ಲಸಿಕೆಯೊಂದು ಅಲ್ಯುಮಿನಿಯಂ ಬದಲು ಟೋಲ್ ಕುಟುಂಬದ ಒಂಬತ್ತನೆಯವನನ್ನೇ ನೇರ ತಟ್ಟುತ್ತದೆ, ಮೂರರ ಬದಲು ಎರಡೇ ಸೂಜಿ ಸಾಕು.

ಆಶಾ ಕಾರ್ಯಕರ್ತೆಯರಾದ ಅಕ್ಕಂದಿರಿಗೆ ನಮ್ಮ ಬಿ ಲಸಿಕೆಯ ಸೀಸೆ ಹೊಸದಲ್ಲ, ಬೇರೆಯವರು ಒಮ್ಮೆ ಹತ್ತಿರದಿಂದ ನೋಡಿ. ಬಿಳಿ ಮೋಡದಂಥ ದ್ರವ. ಅಲುಗಾಡದೆ ಇಟ್ಟರೆ ತಳದಲ್ಲಿ ಗಸಿ ನಿಲ್ಲುತ್ತದೆ, ಕುಲುಕಿದರೆ ಒಂದಾಗುತ್ತದೆ. ಚೀಟಿಯ ಮೇಲೆ ಒಂದು ಬಣ್ಣದ ವೃತ್ತ, ಅದರೊಳಗೆ ಬಿಳಿಚಿದ ಚೌಕ. ಬಿಸಿ ತಗಲಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ, ವೃತ್ತದ ಬಣ್ಣಕ್ಕೆ ಬಂತೆಂದರೆ ಆ ಸೀಸೆ ಬೇಡ. ಈ ಸೀಮೆಯ ಬಿಸಿಲಿಗೆ ನಾವೆಲ್ಲ ಹೆದರುವುದು ಚೌಕ ಕಪ್ಪಾಗುವುದಕ್ಕೆ. ಈ ಲಸಿಕೆ ಅದಕ್ಕಿಂತ ಬೇಗ ಕೆಡುವುದು ಹೆಪ್ಪುಗಟ್ಟಿದರೆ. ಐಸಿಗೆ ತಾಗಿಸಿ ಇಟ್ಟರೆ ಅಲ್ಯುಮಿನಿಯಂ ಕಣಗಳು ಗುಂಪುಕಟ್ಟಿ, ಕುಲುಕಿದರೂ ಚಕ್ಕೆ ಚಕ್ಕೆಯಾಗಿ ಬೇಗ ತಳ ಸೇರುತ್ತವೆ. ಚೌಕ ಇದನ್ನು ತೋರಿಸುವುದಿಲ್ಲ, ಕುಲುಕಿ ನೋಡಿದರೇ ಗೊತ್ತಾಗುವುದು.

ದೇಶದ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮಕ್ಕೆ ಬಿ ಲಸಿಕೆ 2002-03ರಲ್ಲಿ ಕೆಲವೆಡೆ ಪ್ರಯೋಗವಾಗಿ ಬಂದು 2011ರಲ್ಲಿ ಎಲ್ಲ ಕಡೆಗೂ ಹರಡಿತು. ಅದಕ್ಕೂ ಮುಂಚೆ ಹುಟ್ಟಿದವರು ರಕ್ತದಲ್ಲಿ ಬಿ ವೈರಸ್ಸಿನ ಗುರುತು ಹುಡುಕುವ ಎಚ್‌ಬಿಎಸ್‌ಎಜಿ ಪರೀಕ್ಷೆಯನ್ನು ಒಮ್ಮೆ ಮಾಡಿಸಿಕೊಳ್ಳುವುದು ಒಳ್ಳೆಯದು. ಈಗಿನ ಮಕ್ಕಳಿಗೆ ಆರು, ಹತ್ತು, ಹದಿನಾಲ್ಕನೆಯ ವಾರ ಪೆಂಟಾವಲೆಂಟ್ ಸೂಜಿಯಲ್ಲಿ ಇದೂ ಸೇರಿರುತ್ತದೆ, ಅದು ಸಾಮಾನ್ಯವಾಗಿ ತಪ್ಪುವುದಿಲ್ಲ. ತಪ್ಪುವುದು ಹುಟ್ಟಿದ 24 ಗಂಟೆಯೊಳಗೆ ಎಡತೊಡೆಗೆ ಕೊಡಬೇಕಾದ ಅರ್ಧ ಎಂ.ಎಲ್. ಮನೆಯಲ್ಲೇ ಹೆರಿಗೆಯಾದರೆ ತಪ್ಪುತ್ತದೆ. ಭಾನುವಾರ, ಹಬ್ಬದ ದಿನ ಅಂತ ತಪ್ಪುತ್ತದೆ. ಹಸುಗೂಸಿಗೆ ಇವತ್ತೇ ಸೂಜಿ ಯಾಕೆ ಎಂದು ಅಜ್ಜಿ ಅಡ್ಡ ಬಂದರೆ ತಪ್ಪುತ್ತದೆ. ಬಾಣಂತಿಯನ್ನೂ ಕೂಸನ್ನೂ ಊರಾಚೆಯ ಗುಡಿಸಲಲ್ಲಿ ಇಡುವ ಪದ್ಧತಿ ಉಳಿದಿರುವ ಹಟ್ಟಿಗಳಲ್ಲಿ, ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಅದು ಆಗಿಹೋಗಿರಬೇಕು, ಆಮೇಲೆ ಯಾರೂ ಅಲ್ಲಿಗೆ ಹೋಗುವುದಿಲ್ಲ. ಒಂದು ವಾರ ಬಿಟ್ಟು ಕೊಟ್ಟರೆ ಅಷ್ಟೇ ಕೆಲಸ ಮಾಡುತ್ತದೆಯಲ್ಲ ಎಂದು ಕೇಳುತ್ತಾರೆ. ಮಾಡುವುದಿಲ್ಲ. ಹೆರಿಗೆಯಲ್ಲಿ ಒಳಹೊಕ್ಕ ವೈರಸ್ ಆ ಎಳೆಯ ಲಿವರಿನ ಜೊತೆ ರಾಜಿ ಕುದುರಿಸಿಕೊಳ್ಳುವ ಮೊದಲೇ ಪಾಠ ಶುರುವಾಗಬೇಕು.

ತಾಯಿಗೆ ಸೋಂಕಿದೆ ಎಂದು ಬಸುರಿನಲ್ಲೇ ಗೊತ್ತಾದರೆ ಇನ್ನೂ ಒಳ್ಳೆಯದು. ರಕ್ತದಲ್ಲಿ ವೈರಸ್ ಬಹಳ ಇದ್ದರೆ ಏಳನೆಯ ತಿಂಗಳ ಸುಮಾರಿಗೆ ಟೆನೊಫೊವಿರ್ ಶುರುಮಾಡುತ್ತಾರೆ. ಮಗುವಿಗೆ ಹುಟ್ಟಿದ ಕೂಡಲೇ ಒಂದು ತೊಡೆಗೆ ಲಸಿಕೆ, ಇನ್ನೊಂದು ತೊಡೆಗೆ ಸಿದ್ಧ ಪ್ರತಿಕಾಯಗಳ ಸೂಜಿ. ಎದೆಹಾಲು ನಿಲ್ಲಿಸಬೇಕಾಗಿಲ್ಲ. ಮುಂದಿನ ಸೂಜಿಗಳೆಲ್ಲ ಮುಗಿದು, ಮಗುವಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ ವರ್ಷದೊಳಗೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಅದಕ್ಕೆ ಮುಂಚೆ ಮಾಡಿಸಿದರೆ ಸೂಜಿಯಲ್ಲಿ ಕೊಟ್ಟ ಪ್ರತಿಕಾಯವೇ ರಕ್ತದಲ್ಲಿ ಕಂಡು ಲೆಕ್ಕ ತಪ್ಪುತ್ತದೆ. ತಾಯಿಯ ಕಾರ್ಡು, ಮಗುವಿನ ಕಾರ್ಡು ಎರಡನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿ.